ಪರಿಚಯವೂ ಪರಿಚರ್ಯೆಯೂ

ವೈದ್ಯರಾಗಿ ಅಮೆರಿಕಕ್ಕೆ ಹೋದ ನಮ್ಮ ಹುಡುಗರು ರಜೆಯಲ್ಲಿ ಊರಿಗೆ ಬಂದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ನೀನು ಯಾವುದರಲ್ಲಿ ಸ್ಪೆಷಲಿಸ್ಟು?' ಎಂಬುದು. ಹೃದಯ ಎಂದರೆ ತಿಳಿಯುತ್ತದೆ. ಕಣ್ಣು ಎಂದರೆ ತಿಳಿಯುತ್ತದೆ. ಮೂಳೆ ಎಂದರಂತೂ ಕೂಡಲೆ ಯಾರದಾದರೊಂದು ಮೊಣಕಾಲು ಮುಂದೆ ಬರುತ್ತದೆ. ನನ್ನ ಅಕ್ಕನ ಮಗ 'ನಾನು ಹಾಸ್ಪಿಟಲಿಸ್ಟ್' ಎಂದಾಗ ಮಾತ್ರ ಮನೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. 'ಆಸ್ಪತ್ರೇಲಿ ಇರೋ ಡಾಕ್ಟರೆಲ್ಲ ಆಸ್ಪತ್ರೆಯವರೇ ಅಲ್ವೇನೋ?' ಎಂದು ಅವನ ಅಜ್ಜಿ ಕೇಳಿದರು. ಪ್ರಶ್ನೆಯೇನೋ ಸರಳವಾದದ್ದು. ಅದಕ್ಕೆ ಉತ್ತರ ಹೇಳಹೊರಟ ಹುಡುಗ ಅರ್ಧ ಗಂಟೆ ಮಾತನಾಡಬೇಕಾಯಿತು. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ನೋಡಿದಾಗ, ಇದು ವೈದ್ಯರು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳಬಹುದಾದ ಒಂದು ಏರ್ಪಾಡಿನ ಮಾತು ಮಾತ್ರವಲ್ಲ, ಎಂದಾದರೊಂದು ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಲಿರುವ ನಮಗೆಲ್ಲ ಸಂಬಂಧಪಟ್ಟ ಪ್ರಶ್ನೆ ಎಂದು ನನಗೆ ತೋರಿತು.

ಅಮೆರಿಕದಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಲ್ಲಿ, ಮನೆಯ ಡಾಕ್ಟರು ತನ್ನ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರೆ ಅಲ್ಲಿಯೂ ಅವನನ್ನು ನೋಡಿಕೊಳ್ಳುವ ಹೊಣೆ ಆ ಡಾಕ್ಟರದೇ ಆಗಿರುತ್ತಿತ್ತು. ಬೆಳಗ್ಗೆ ತನ್ನ ಷಾಪಿನ ಬಾಗಿಲು ತೆರೆಯುವುದಕ್ಕೆ ಮೊದಲು ಅವನು ಆಸ್ಪತ್ರೆಗೆ ಹೋಗಿ, ಅಲ್ಲಿದ್ದ ತನ್ನ ನಾಲ್ಕಾರು ರೋಗಿಗಳ ಬಳಿ ನಿಂತು ವಿಚಾರಿಸಿ, ದಾದಿಗೆ ಹೇಳುವುದನ್ನು ಹೇಳಿ, ಬರೆಯುವುದನ್ನು ಬರೆದು ಹೊರಡುತ್ತಿದ್ದ. ಸಾಧ್ಯವಾದರೆ ಸಂಜೆ ಇನ್ನೊಮ್ಮೆ. ನಡುವಣ ಹೊತ್ತಿನಲ್ಲಿ ಏನಾದರೂ ಆದರೆ ಟೆಲಿಫೋನು. ಇಂಗ್ಲೆಂಡಿನಲ್ಲಿ ಹೀಗಿರಲಿಲ್ಲ. ಅಲ್ಲಿ ಬೀದಿಯ ಡಾಕ್ಟರು ಬೇರೆ, ಆಸ್ಪತ್ರೆಯ ಡಾಕ್ಟರು ಬೇರೆ ಎಂಬ ವಿಭಾಗ ಹಳೆಯದು. ೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗಲೂ ಅದು ಹಾಗೆಯೇ ಉಳಿಯಿತು. ನಮ್ಮ ಸರ್ಕಾರಿ ಆಸ್ಪತ್ರೆಗಳು ಇಂಗ್ಲಿಷರ ಮಾದರಿಯಲ್ಲಿ ಬೆಳೆದವಾದ್ದರಿಂದ, ಮನೆಯ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು 'ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ' ಎಂದು ಕಳಿಸಿಬಿಡುವುದು ನಮಗೆ ಹೊಸದಲ್ಲ. ಅಮೆರಿಕದವರಿಗೆ ಹೊಸದು. ಅದರಿಂದಲೇ ಅವರು ಅದನ್ನು ಕುರಿತು ಯೋಚಿಸಿದರು. ನಾವು ಯೋಚಿಸಲೇ ಇಲ್ಲ.

೧೯೯೬ರಲ್ಲಿ ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ ಎಂಬ ಇಬ್ಬರು ವೈದ್ಯರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಆಗ ತಾನೇ ತಲೆಯೆತ್ತುತ್ತಿದ್ದ ಒಂದು ಬಗೆಯ ವೈದ್ಯನಿಗೆ ಈ ಹೆಸರನ್ನು ಕೊಟ್ಟರು. ಇವನು ಹೊರಗೆ ಷಾಪು ಇಟ್ಟವನಲ್ಲ. ಇವನಿಗೆ ಹೊರಗೆ ತನ್ನವರೆಂಬ ರೋಗಿಗಳಿಲ್ಲ. ಆಸ್ಪತ್ರೆಗೆ ಸೇರಿದವರನ್ನು, ಸೇರಿದಂದಿನಿಂದ ಬಿಡುವ ದಿನದವರೆಗೆ ನೋಡಿಕೊಳ್ಳುವುದೇ ಇವನ ಕೆಲಸ. ಮಿಕ್ಕ ತಜ್ಞರು ದೇಹದ ಒಂದೊಂದು ಅಂಗವನ್ನು ಹಂಚಿಕೊಂಡಿದ್ದರೆ ಇವನು ಒಂದು ಸ್ಥಳವನ್ನು ತನ್ನದಾಗಿಸಿಕೊಂಡವನು. ಇಪ್ಪತ್ತು ವರ್ಷದ ಮೇಲೆ, ೨೦೧೬ರಲ್ಲಿ, ಅದೇ ಇಬ್ಬರು ಅದೇ ಪತ್ರಿಕೆಯಲ್ಲಿ ಮತ್ತೆ ಬರೆದಾಗ ಇಂಥವರ ಸಂಖ್ಯೆ ಐವತ್ತು ಸಾವಿರವನ್ನು ದಾಟಿತ್ತು; ಆ ದೇಶದ ಹೃದ್ರೋಗ ತಜ್ಞರ ಸಂಖ್ಯೆಯನ್ನು ಅದು ಎಂದೋ ಮೀರಿತ್ತು. ವೈದ್ಯವೃತ್ತಿಯ ಚರಿತ್ರೆಯಲ್ಲಿ ಇಷ್ಟು ಬೇಗ ಬೆಳೆದ ಶಾಖೆ ಇನ್ನೊಂದಿರಲಾರದು.

ಇದು ಕೇವಲ ದಯೆಯಿಂದ ಹುಟ್ಟಿದ್ದು ಎಂದು ಯಾರೂ ಹೇಳುವುದಿಲ್ಲ. ೧೯೮೩ರಲ್ಲಿ ಅಮೆರಿಕದ ಸರ್ಕಾರ ವೃದ್ಧರ ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಕೊಡುತ್ತಿದ್ದ ಹಣದ ಲೆಕ್ಕವನ್ನು ಬದಲಾಯಿಸಿತು. ಅದುವರೆಗೆ ಖರ್ಚಾದಷ್ಟನ್ನು ತುಂಬಿಕೊಡುತ್ತಿದ್ದವರು ಅಂದಿನಿಂದ ಇಂಥ ರೋಗಕ್ಕೆ ಇಷ್ಟು ಎಂದು ಕಟ್ಟುಮಾಡಿದರು. ರೋಗಿ ನಾಲ್ಕು ದಿನ ಇದ್ದರೂ ಅಷ್ಟೇ, ಹತ್ತು ದಿನ ಇದ್ದರೂ ಅಷ್ಟೇ. ಹೀಗಾದ ಮೇಲೆ, ಬೆಳಗ್ಗೆ ಒಂದು ಗಳಿಗೆ ಬಂದು ಹೋಗುವ ಡಾಕ್ಟರು 'ನಾಳೆ ನೋಡೋಣ' ಎಂದ ಪ್ರತಿಯೊಂದು ಮಾತೂ ಆಸ್ಪತ್ರೆಯ ಕಿಸೆಗೆ ಕತ್ತರಿಯಾಯಿತು. ಬೆಳಗ್ಗೆ ತೆಗೆಸಿದ ರಕ್ತದ ಫಲಿತಾಂಶವನ್ನು ಮಧ್ಯಾಹ್ನವೇ ನೋಡಿ, ಮಧ್ಯಾಹ್ನವೇ ಔಷಧಿ ಬದಲಾಯಿಸಿ, ಸಂಜೆಗೆ ಗುಣ ಕಂಡರೆ ಮರುದಿನ ಮನೆಗೆ ಕಳಿಸಬಲ್ಲವನೊಬ್ಬ ಒಳಗೇ ಇದ್ದರೆ ಆಸ್ಪತ್ರೆಗೆ ಲಾಭ. ಮನೆಯ ಡಾಕ್ಟರಿಗೂ ದಿನಕ್ಕೆ ಎರಡು ಸಲ ಊರು ಸುತ್ತುವುದು ತಪ್ಪಿತು. ಇದರ ಮೇಲೆ, ೨೦೦೩ರಲ್ಲಿ ತರಬೇತಿಯಲ್ಲಿರುವ ಕಿರಿಯ ವೈದ್ಯರು ವಾರಕ್ಕೆ ಎಂಬತ್ತು ಗಂಟೆಗಿಂತ ಹೆಚ್ಚು ದುಡಿಯಕೂಡದೆಂದು ನಿಯಮವಾಯಿತು. (ಎಂಬತ್ತು ಗಂಟೆ ಎಂಬುದು ಅಲ್ಲಿ ಕರುಣೆಯ ಅಳತೆ!) ಅವರು ಬಿಟ್ಟ ಹೊತ್ತನ್ನು ತುಂಬುವವರು ಬೇಕಾದರು.

ಲೆಕ್ಕದ ಪುಸ್ತಕದಿಂದ ಹುಟ್ಟಿತು ಎಂಬ ಕಾರಣಕ್ಕೇ ಒಂದು ಏರ್ಪಾಡನ್ನು ಕೆಟ್ಟದ್ದು ಎನ್ನಲಾಗುವುದಿಲ್ಲ. ತೆರಿಗೆ ಸರಿಯಾಗಿ ಬರಲೆಂದು ಕೆರೆ ಕಟ್ಟಿಸಿದ ಅರಸರು ನಮ್ಮಲ್ಲೂ ಇದ್ದರು. ಆ ಕೆರೆಯ ನೀರು ಬೇರೆ ನೀರಿಗಿಂತ ಉಪ್ಪಾಗಿರಲಿಲ್ಲ. ಆದ್ದರಿಂದ ಹುಟ್ಟಿನ ಮಾತನ್ನು ಇಲ್ಲಿಗೆ ಬಿಡೋಣ. ಪ್ರಶ್ನೆ ಬೇರೆಯದು. ಮೂವತ್ತು ವರ್ಷದಿಂದ ನನ್ನನ್ನು ಬಲ್ಲ ಡಾಕ್ಟರು, ನನಗೆ ಸಣ್ಣ ನೆಗಡಿ ಬಂದಾಗಲೆಲ್ಲ ಇರುತ್ತಾರೆ. ನನ್ನ ಬಾಳಿನ ಅತ್ಯಂತ ಕಷ್ಟದ ನಾಲ್ಕು ದಿನ ಬಂದಾಗ ಮಾತ್ರ ಅವರಿರುವುದಿಲ್ಲ. ಆಗ ಇರುವವನು ನನ್ನ ಹೆಸರನ್ನು ಕೈಯಲ್ಲಿಯ ಕಾಗದ ನೋಡಿ ಹೇಳುವವನು. ಇದು ಸರಿಯೆ? ಬಲ್ಲವನು ಬಳಿಯಲ್ಲಿಲ್ಲ, ಬಳಿಯಲ್ಲಿರುವವನು ಬಲ್ಲವನಲ್ಲ. ಇಬ್ಬರಲ್ಲಿ ಒಬ್ಬನನ್ನೇ ಆರಿಸಿಕೊಳ್ಳಬೇಕಾದರೆ ಯಾರನ್ನು ಆರಿಸಿಕೊಳ್ಳಬೇಕು?

ಕನ್ನಡ ಪಾಠ ಹೇಳುವವನಿಗೆ ಮಾತಿನ ಕಡೆ ಮನಸ್ಸು ಹರಿಯುವುದು ಸಹಜ, ವಾಚಕರು ಸಹಿಸಿಕೊಳ್ಳಬೇಕು. ಪರಿಚಯ, ಪರಿಚರ್ಯೆ ಎಂಬ ಎರಡು ಶಬ್ದಗಳು ಕಿವಿಗೆ ಒಡಹುಟ್ಟಿದವರಂತೆ ಕೇಳಿಸಿದರೂ ಅವುಗಳ ತಾಯಿಬೇರು ಬೇರೆಬೇರೆ. ಮೊದಲನೆಯದರ ಧಾತುವಿಗೆ ಕೂಡಿಹಾಕು, ಸಂಗ್ರಹಿಸು ಎಂದು ಅರ್ಥ. ಎರಡನೆಯದರ ಧಾತುವಿಗೆ ನಡೆದಾಡು ಎಂದು ಅರ್ಥ. ಒಬ್ಬನ ವಿಷಯದಲ್ಲಿ ದಿನದಿನಕ್ಕೂ ಕೂಡಿಬಂದದ್ದು ಪರಿಚಯ. ಒಬ್ಬನ ಸುತ್ತ ಸುಳಿದಾಡುತ್ತ ಬೇಕಾದ್ದನ್ನು ಮಾಡುವುದು ಪರಿಚರ್ಯೆ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದು ಭಾಷೆಯೇನೂ ಕರಾರು ಮಾಡಿಕೊಂಡಿಲ್ಲ. ಶುಶ್ರೂಷೆ ಎಂಬ ಮಾತಂತೂ ಇನ್ನೂ ಸ್ವಾರಸ್ಯವಾದದ್ದು: ಅದರ ಮೂಲಾರ್ಥ 'ಕೇಳುವ ಇಚ್ಛೆ' ಎಂದು. ಗುರುವಿನ ಮಾತನ್ನು ಕೇಳಬೇಕೆಂಬ ಆಸೆಯಿಂದ ಹತ್ತಿರವಿದ್ದು ಸೇವೆ ಮಾಡುವ ಶಿಷ್ಯನ ವಿಷಯದಲ್ಲಿ ಹುಟ್ಟಿದ ಮಾತು, ಕಾಲಕ್ರಮದಲ್ಲಿ ರೋಗಿಯ ಸೇವೆಗೂ ಬಂದಿತು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃ ಎಂದರೆ ಹತ್ತಿರ ನಿಂತವನು, ಪರಿಚಾರಕ. ಈ ನಾಲ್ವರಲ್ಲಿ ಒಬ್ಬೊಬ್ಬರಿಗೂ ನಾಲ್ಕುನಾಲ್ಕು ಗುಣಗಳನ್ನು ಅಲ್ಲಿ ಎಣಿಸಿದ್ದಾರೆ. ವೈದ್ಯನಿಗೆ ಶಾಸ್ತ್ರದಲ್ಲಿ ನಿರ್ಮಲವಾದ ತಿಳಿವು, ಬಹಳ ಸಲ ಕಂಡು ಮಾಡಿದ ಅನುಭವ, ದಕ್ಷತೆ, ಶುಚಿತ್ವ ಇಷ್ಟು ಬೇಕು. ಪರಿಚಾರಕನಿಗೆ ಉಪಚಾರದ ತಿಳಿವು, ದಕ್ಷತೆ, ಶುಚಿತ್ವ ಇವುಗಳ ಜೊತೆಗೆ ರೋಗಿಯಲ್ಲಿ ಅನುರಾಗ ಬೇಕು. ಗಮನಿಸಬೇಕಾದ ಮಾತು ಇದು. ಪಟ್ಟಿಯಲ್ಲಿ ಅನುರಾಗವನ್ನು ಬೇಡಿದ್ದು ವೈದ್ಯನಿಂದಲ್ಲ, ಹತ್ತಿರ ನಿಂತವನಿಂದ. ವೈದ್ಯನಿಗೆ ಕರುಣೆ ಬೇಡವೆಂದು ಇದರ ಅರ್ಥವಲ್ಲ. ಅದೇ ಅಧ್ಯಾಯದಲ್ಲಿ ಆರ್ತರ ವಿಷಯದಲ್ಲಿ ಮೈತ್ರಿ ಕಾರುಣ್ಯಗಳು ವೈದ್ಯನಿಗೆ ಇರಬೇಕೆಂದೂ ಹೇಳಿದೆ. ಆದರೂ ಇಡೀ ಹೊತ್ತು ಹಾಸಿಗೆಯ ಬಳಿ ಇರುವವನಿಗೂ ಬಂದು ನೋಡಿ ಹೋಗುವವನಿಗೂ ಇರುವ ವ್ಯತ್ಯಾಸವನ್ನು ಹಳಬರು ಚೆನ್ನಾಗಿ ಅರಿತಿದ್ದರು. ಈ ಹೊಸ ಬಗೆಯ ಡಾಕ್ಟರು ಒಂದು ರೀತಿಯಲ್ಲಿ ವೈದ್ಯನನ್ನೂ ಉಪಸ್ಥಾತೃವನ್ನೂ ಒಬ್ಬನಲ್ಲೇ ಕೂಡಿಸುವ ಪ್ರಯತ್ನ. ಹಾಗಾದರೆ ಅವನಿಗೆ ಅನುರಾಗ ಎಲ್ಲಿಂದ ಬರಬೇಕು? ಪರಿಚಯವಿಲ್ಲದಲ್ಲಿ ಪ್ರೀತಿ ಹುಟ್ಟುತ್ತದೆಯೆ?

ಅಮೆರಿಕದಲ್ಲಿಯೇ ಈ ಚಿಂತೆ ಬಹಳ ಹಿಂದೆಯೇ ಮೂಡಿತ್ತು. ಬಾಸ್ಟನ್ನಿನಲ್ಲಿ ಹಾರ್ವರ್ಡಿನ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಫ್ರಾನ್ಸಿಸ್ ಪೀಬಾಡಿ ಎಂಬಾತನು ರೋಗಿಯ ಆರೈಕೆಯನ್ನು ಕುರಿತು ಮಾಡಿದ ಒಂದು ಭಾಷಣ ೧೯೨೭ರಲ್ಲಿ ಅಚ್ಚಾಯಿತು. ಇಂದಿಗೂ ಅದನ್ನು ಅಲ್ಲಿಯ ವಿದ್ಯಾರ್ಥಿಗಳು ಓದುತ್ತಾರೆ. ಆಸ್ಪತ್ರೆಯೊಳಕ್ಕೆ ಕಾಲಿಟ್ಟ ಮನುಷ್ಯ ತನ್ನ ಬಟ್ಟೆಬರೆಗಳೊಡನೆ ತನ್ನತನವನ್ನೂ ಬಾಗಿಲಲ್ಲೇ ಬಿಟ್ಟು ಬರುತ್ತಾನೆ, ಅವನು ಅಲ್ಲಿ ಒಂದು ರೋಗವಾಗಿ ಉಳಿಯುತ್ತಾನೆ ಎಂಬುದು ಆತನ ಆತಂಕದ ತಾತ್ಪರ್ಯ. ಈ ಭಾಷಣ ಮಾಡುವಾಗ ಪೀಬಾಡಿಗೆ ಗುಣವಾಗದ ಅರ್ಬುದ ರೋಗ ಹಿಡಿದಿತ್ತು. ಅದು ಅಚ್ಚಾದ ವರ್ಷವೇ ಆತ ತೀರಿಕೊಂಡ. ಆಗ ಆತನಿಗೆ ನಲವತ್ತೈದು ವರ್ಷ. ವೈದ್ಯನೂ ರೋಗಿಯೂ ತಾನೇ ಆಗಿದ್ದವನ ಮಾತು ಎಂದು ತಿಳಿದು ಓದಿದರೆ ಅದರ ತೂಕ ಬೇರೆಯಾಗುತ್ತದೆ.

ಪರಿಚಯದ ಪಕ್ಷವನ್ನು ವಹಿಸುವವರಿಗೆ ಒಳ್ಳೆಯ ವಾದವಿದೆ. ಯಾವ ನೋವಿಗೂ 'ಏನಿಲ್ಲ, ಸ್ವಲ್ಪ ಅಷ್ಟೆ' ಎನ್ನುವ ಮುದುಕರಿದ್ದಾರೆ. ಮುಳ್ಳು ಚುಚ್ಚಿದರೆ ಉಯಿಲು ಬರೆಸುವವರೂ ಇದ್ದಾರೆ. ಮೊದಲನೆಯವನ 'ಸ್ವಲ್ಪ'ವೂ ಎರಡನೆಯವನ 'ಬಹಳ'ವೂ ಎಷ್ಟೆಷ್ಟೆಂದು ಹಳೆಯ ಡಾಕ್ಟರಿಗೆ ತಕ್ಕಡಿಯಿಲ್ಲದೆ ಗೊತ್ತು. ಯಾವ ಪರೀಕ್ಷೆಯ ಕಾಗದದಲ್ಲಿಯೂ ಇದು ಬರೆದಿರುವುದಿಲ್ಲ. ಹೊಸಬನಾದರೋ ಎರಡು ಮಾತನ್ನೂ ಒಂದೇ ಬೆಲೆಗೆ ಕೊಳ್ಳಬೇಕು.

ಆದರೆ ಎದುರು ಪಕ್ಷದ ವಾದವೂ ಬಡವಾದದ್ದಲ್ಲ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ, ನನ್ನನ್ನು ಚೆನ್ನಾಗಿ ಬಲ್ಲ ಡಾಕ್ಟರು ಐದು ಮೈಲಿ ದೂರದಲ್ಲಿ ನಿದ್ದೆ ಮಾಡುತ್ತಿದ್ದರೆ ಆ ಬಲ್ಮೆಯಿಂದ ನನ್ನ ಎದೆಗೆ ಗಾಳಿ ಬರುವುದಿಲ್ಲ. ಆಸ್ಪತ್ರೆಯ ರೋಗಗಳು ಇಂದು ಹಿಂದಿನಂತಿಲ್ಲ; ಹಿಂದೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದ ಎಷ್ಟೋ ಜನಕ್ಕೆ ಇಂದು ಮನೆಯಲ್ಲೇ ಚಿಕಿತ್ಸೆಯಾಗುತ್ತದೆ, ಒಳಗೆ ಉಳಿಯುವವರು ಗಳಿಗೆಗೊಂದು ಬಣ್ಣಕ್ಕೆ ತಿರುಗುವ ರೋಗಿಗಳು. ಅಲ್ಲಿ ದಿನವೆಲ್ಲ ಓಡಾಡುವವನ ಕೈ ಪಳಗಿರುತ್ತದೆ. ಇನ್ನೊಂದು ಮಾತು: ಪರಿಚಯವೇ ಕೆಲವು ಸಲ ಕಣ್ಣಿಗೆ ಕಟ್ಟಿದ ಬಟ್ಟೆಯಾಗುತ್ತದೆ. ಹತ್ತು ವರ್ಷದಿಂದ 'ಆಕೆಗೆ ಬರಿಯ ಗ್ಯಾಸ್ಟ್ರಿಕ್ಕು' ಎಂದು ನಂಬಿಬಿಟ್ಟವರಿಗೆ ಹನ್ನೊಂದನೆಯ ವರ್ಷದ ಎದೆನೋವೂ ಗ್ಯಾಸ್ಟ್ರಿಕ್ಕಾಗಿಯೇ ಕಾಣುತ್ತದೆ. ಹೊಸಬನು ಮೊದಲಿನಿಂದ ಓದುತ್ತಾನೆ. ನಾವು ಬರೆದ ಪುಸ್ತಕದ ಅಚ್ಚಿನ ತಪ್ಪುಗಳನ್ನು ನಾವೇ ತಿದ್ದಲಾರೆವೆಂಬುದು ಬರೆಯುವವರಿಗೆಲ್ಲ ತಿಳಿದ ವಿಷಯ.

ಅಂಕಿಗಳನ್ನು ಕೇಳಿದರೆ ಅವು ಒಂದೇ ಬಾಯಿಂದ ಮಾತನಾಡುವುದಿಲ್ಲ. ಹೊಸ ಪದ್ಧತಿಯಲ್ಲಿ ಆಸ್ಪತ್ರೆಯ ವಾಸ ಸ್ವಲ್ಪ ಕಡಮೆಯಾಗುತ್ತದೆಂಬುದನ್ನು ಹಲವು ಅಧ್ಯಯನಗಳು ಒಪ್ಪುತ್ತವೆ. ೨೦೧೧ರಲ್ಲಿ ಟೆಕ್ಸಾಸಿನ ಇಬ್ಬರು ಸಂಶೋಧಕರು ವೃದ್ಧ ರೋಗಿಗಳ ಲೆಕ್ಕ ತೆಗೆದು ನೋಡಿದಾಗ, ವಾಸದಲ್ಲಿ ಅರ್ಧ ದಿನಕ್ಕಿಂತ ತುಸು ಹೆಚ್ಚು ಉಳಿತಾಯ, ಆಸ್ಪತ್ರೆಯ ಖರ್ಚಿನಲ್ಲಿ ೨೮೨ ಡಾಲರು ಉಳಿತಾಯ ಕಂಡಿತು. ಬಿಟ್ಟುಹೋದ ಮೂವತ್ತು ದಿನಗಳ ಲೆಕ್ಕ ನೋಡಿದರೆ ಅಲ್ಲಿ ೩೩೨ ಡಾಲರು ಹೆಚ್ಚು ಖರ್ಚಾಗಿತ್ತು. ಅವರಲ್ಲಿ ಮತ್ತೆ ಆಸ್ಪತ್ರೆಗೆ ಮರಳಿದವರೂ ಹೆಚ್ಚು. ಒಂದು ಕಿಸೆಯಲ್ಲಿ ಉಳಿದದ್ದು ಇನ್ನೊಂದು ಕಿಸೆಯಿಂದ ಸೋರಿತು. ೨೦೧೭ರಲ್ಲಿ ಹೊರಬಿದ್ದ ಮತ್ತೊಂದು ಅಧ್ಯಯನ ಐದೂವರೆ ಲಕ್ಷಕ್ಕೂ ಮೇಲ್ಪಟ್ಟ ವೃದ್ಧರ ದಾಖಲೆಗಳನ್ನು ನೋಡಿತು. ತಮ್ಮ ಹಳೆಯ ಡಾಕ್ಟರೇ ಬಂದು ನೋಡಿಕೊಂಡ ರೋಗಿಗಳು ಆಸ್ಪತ್ರೆಯಲ್ಲಿ ಸ್ವಲ್ಪ ಹೆಚ್ಚು ಕಾಲ ಇದ್ದರು; ಆದರೆ ಮೂವತ್ತು ದಿನದೊಳಗೆ ತೀರಿಕೊಂಡವರು ಅವರಲ್ಲಿ ನೂರಕ್ಕೆ ೮.೬, ಆಸ್ಪತ್ರೆಯ ವೈದ್ಯರು ನೋಡಿಕೊಂಡವರಲ್ಲಿ ೧೦.೮. ಇದರಿಂದ ಪರಿಚಯವೇ ಪ್ರಾಣ ಉಳಿಸಿತೆಂದು ಸಿದ್ಧಾಂತ ಮಾಡಲಾಗದು. ಹಳೆಯ ಡಾಕ್ಟರನ್ನು ಉಳಿಸಿಕೊಂಡಿರುವ ರೋಗಿಗಳು ಮಿಕ್ಕವರಿಗಿಂತ ಬೇರೆ ವಿಷಯಗಳಲ್ಲೂ ಭಿನ್ನರಾಗಿದ್ದಾರು. ಆದರೂ ನೂರಕ್ಕೆ ಎರಡು ಎಂದರೆ ಕಡೆಗಣಿಸಿಬಿಡುವ ಅಂಕಿಯಲ್ಲ.

ಇನ್ನು ಇವನು ಯಾರ ಮನುಷ್ಯ ಎಂಬ ಪ್ರಶ್ನೆ. ಮನೆಯ ಡಾಕ್ಟರಿಗೆ ರೋಗಿಯೇ ಅನ್ನದಾತ. ಈತನಿಗೆ ಅನ್ನ ಬರುವುದು ಬಹುಪಾಲು ಆಸ್ಪತ್ರೆಯಿಂದ, ಇಲ್ಲವೆ ಆಸ್ಪತ್ರೆಯೊಡನೆ ಗುತ್ತಿಗೆ ಮಾಡಿಕೊಂಡ ಸಂಸ್ಥೆಯಿಂದ. ಉಂಡ ಮನೆಗೆ ಎರಡು ಬಗೆಯಬಾರದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಾಸಿಗೆ ಬೇಗ ತೆರವಾಗಲಿ ಎಂದು ಒಡೆಯನು ಬಯಸುವಾಗ, ಇನ್ನೊಂದು ದಿನ ಇರಲಿ ಎಂದು ರೋಗಿಯ ಮುಖ ಹೇಳುವಾಗ, ಅವನು ಯಾವ ಮನೆಯ ಅನ್ನವನ್ನು ನೆನೆಯಬೇಕು? ನನ್ನ ಸೋದರಳಿಯನನ್ನೇ ಕೇಳಿದೆ. 'ಮಾವ, ಅಲ್ಲಿ ಯಾರೂ ನನಗೆ ರೋಗೀನ ಬೇಗ ಕಳಿಸು ಅಂತ ಬಾಯಿಬಿಟ್ಟು ಹೇಳಲ್ಲ. ತಿಂಗಳಿಗೊಂದು ಸಲ ಒಂದು ಕಾಗದ ಬರುತ್ತೆ. ನನ್ನ ರೋಗಿಗಳು ಸರಾಸರಿ ಎಷ್ಟು ದಿನ ಇದ್ದರು, ಮಿಕ್ಕವರ ರೋಗಿಗಳು ಎಷ್ಟು ದಿನ ಇದ್ದರು ಅಂತ. ಅಷ್ಟೆ' ಎಂದ. ಕಾಲೇಜಿನಲ್ಲಿ ಫಲಿತಾಂಶದ ಶೇಕಡಾ ಪಟ್ಟಿಯನ್ನು ವರ್ಷವರ್ಷವೂ ನೋಡುವ ನನಗೆ ಆ ಕಾಗದದ ಬಲ ತಿಳಿಯದೆ ಹೋಗಲಿಲ್ಲ.

ಅವನ ವಿಷಯವನ್ನು ಸ್ವಲ್ಪ ಹೇಳಬೇಕು. ಅಲ್ಲಿ ತರಬೇತಿಗೆಂದು ಹೋದ ಹೊರದೇಶದ ವೈದ್ಯರಲ್ಲಿ ಅನೇಕರು, ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಹಿಂದಿರುಗಬೇಕೆಂಬ ಷರತ್ತಿಗೆ ಒಳಪಟ್ಟಿರುತ್ತಾರೆ. ವೈದ್ಯರ ಅಭಾವವಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿದರೆ ಷರತ್ತು ಮಾಫಿಯಾಗಬಹುದು. ಒಂದೊಂದು ಸಂಸ್ಥಾನವೂ ವರ್ಷಕ್ಕೆ ಮೂವತ್ತು ಮಂದಿಗೆ ಹೀಗೆ ಶಿಫಾರಸು ಮಾಡಬಹುದು. ಹೀಗಾಗಿ, ಮೈಸೂರು ಸೀಮೆಯಲ್ಲಿ ಹುಟ್ಟಿ ಸರ್ಕಾರಿ ಕಾಲೇಜಿನಲ್ಲಿ ಓದಿದ ಹುಡುಗ, ಮುಸುಕಿನ ಜೋಳದ ಹೊಲಗಳ ನಡುವಣ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ನಿಂತ. ಹನ್ನೆರಡು ಗಂಟೆಯಂತೆ ಏಳು ದಿನ ಕೆಲಸ, ಏಳು ದಿನ ಬಿಡುವು. ಒಂದು ಹೊತ್ತಿಗೆ ಹದಿನೈದು ಹದಿನೆಂಟು ರೋಗಿಗಳು. ಪರದೇಶಿ ಎಂಬ ಮಾತಿಗೆ ನಮ್ಮಲ್ಲಿ ಹೊರನಾಡಿನವನು ಎಂದೂ ಅರ್ಥವಿದೆ, ಗತಿಯಿಲ್ಲದವನು ಎಂದೂ ಅರ್ಥವಿದೆ. ಹಾಸಿಗೆಯ ಮೇಲಿನವನು ಒಂದು ಅರ್ಥದಲ್ಲಿ ಪರದೇಶಿ, ಹಾಸಿಗೆಯ ಬಳಿಯವನು ಇನ್ನೊಂದು ಅರ್ಥದಲ್ಲಿ.

ಅವನು ಹೇಳಿದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಎಪ್ಪತ್ತು ದಾಟಿದ ಒಬ್ಬ ರೈತ; ಹೃದಯ ಸೋತು ಎದೆಯಲ್ಲಿ ನೀರು ತುಂಬಿಕೊಂಡು ನಡುರಾತ್ರಿ ಬಂದಿದ್ದ. ಉಸಿರಾಟ ಇನ್ನೂ ಕೆಟ್ಟರೆ ಯಂತ್ರಕ್ಕೆ ಹಾಕಬೇಕೆ ಬೇಡವೆ ಎಂದು ಅವನನ್ನು ಕೇಳಿಯೇ ತೀರಬೇಕಿತ್ತು. ಇಂಥ ಪ್ರಶ್ನೆಯನ್ನು, ಮುಖ ನೋಡಿ ಇಪ್ಪತ್ತು ನಿಮಿಷವಾಗಿರುವ ಒಬ್ಬನು ಇನ್ನೊಬ್ಬನನ್ನು ಹೇಗೆ ಕೇಳುವುದು? ಹಳೆಯ ಡಾಕ್ಟರ ಷಾಪಿಗೆ ಟೆಲಿಫೋನು ಮಾಡಿದರೆ, ಬೆಳಗ್ಗೆ ಎಂಟಕ್ಕೆ ತೆರೆಯುತ್ತೇವೆಂದು ಯಂತ್ರವೇ ಉತ್ತರ ಹೇಳಿತು. ಹುಡುಗ ಒಂದು ಸ್ಟೂಲು ಎಳೆದುಕೊಂಡು ಕುಳಿತ. ಏನು ಬೆಳೆ, ಮನೆಯಲ್ಲಿ ಯಾರಿದ್ದಾರೆ, ಹೆಂಡತಿ ಹೇಗೆ ತೀರಿಕೊಂಡರು ಎಂದು ಒಂದೊಂದಾಗಿ ಕೇಳಿದ. ಹೆಂಡತಿ ಕೊನೆಯ ಒಂಬತ್ತು ದಿನ ಅಂಥದೇ ಯಂತ್ರದಲ್ಲಿದ್ದರಂತೆ. ತನಗೆ ಅದು ಬೇಡವೆಂದು ಮುದುಕ ತಾನಾಗಿಯೇ ಹೇಳಿದ. ಇಷ್ಟನ್ನು ಹಳೆಯ ಡಾಕ್ಟರೂ ಬಲ್ಲರು. ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ಆದರೆ ಆಮೇಲೆ ಮುದುಕ ಇನ್ನೊಂದು ಮಾತು ಹೇಳಿದ. ಎಂಟು ತಿಂಗಳಿನಿಂದ ತಾನು ಮಾತ್ರೆಗಳನ್ನು ಅರ್ಧರ್ಧ ಮುರಿದು ನುಂಗುತ್ತಿದ್ದೇನೆ, ತಿಂಗಳ ಮಾತ್ರೆ ಎರಡು ತಿಂಗಳು ಬರಲಿ ಎಂದು. ಡಾಕ್ಟರಿಗೆ ಹೇಳಲಿಲ್ಲವೆ ಎಂದರೆ, ಹೇಗೆ ಹೇಳಲಿ, ಆತನೂ ನಾನೂ ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ ಎಂದನಂತೆ.

ಪರಿಚಯಕ್ಕೂ ಒಂದು ಪರದೆಯುಂಟು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ರಾತ್ರಿಯ ರೈಲಿನಲ್ಲಿ ಎದುರಿನ ಬರ್ತಿನವರಿಗೆ ನಾವು ಹೇಳಿಕೊಳ್ಳುವ ಮಾತನ್ನು ಸ್ವಂತ ಅಣ್ಣನಿಗೆ ಹೇಳಿರುವುದಿಲ್ಲ. ಬೆಳಗಾದರೆ ಅವರು ಅರಸೀಕೆರೆಯಲ್ಲಿ ಇಳಿದುಹೋಗುತ್ತಾರೆಂಬ ಧೈರ್ಯವೇ ಬಾಯಿ ತೆರೆಸುತ್ತದೆ. ಮಾನ ಎಂಬುದು ಬಲ್ಲವರ ನಡುವೆ ಮಾತ್ರ ಇರುವ ವಸ್ತು. ಆದ್ದರಿಂದ ಅಪರಿಚಿತನಾದ ವೈದ್ಯ ಕುಳಿತು ಕೇಳಿದರೆ, ಕೇಳುವ ಇಚ್ಛೆ ಎಂಬ ಹಳೆಯ ಅರ್ಥದ ಶುಶ್ರೂಷೆಗೆ ಅವನಿಗೆ ಪರಿಚಿತನಿಗಿಲ್ಲದ ಒಂದು ಅನುಕೂಲವೇ ಇದೆ ಎನ್ನಬೇಕು. 'ಕುಳಿತು ಕೇಳಿದರೆ' ಎಂಬಲ್ಲಿ ಎಲ್ಲ ಕಷ್ಟವೂ ಇದೆ. ಹುಡುಗ ಆ ಸ್ಟೂಲಿನ ಮೇಲೆ ಕುಳಿತ ಇಪ್ಪತ್ತು ನಿಮಿಷ ಮಿಕ್ಕ ಹದಿನೇಳು ಮಂದಿಯಿಂದ ಎರವಲು ತಂದದ್ದು. ತಿಂಗಳ ಕಾಗದದಲ್ಲಿ ಅದಕ್ಕೆ ಅಂಕಣವಿಲ್ಲ.

ನಮ್ಮ ಕಡೆಗೆ ತಿರುಗಿದರೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಹೆಸರಾಂತ ತಜ್ಞರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಪರಿವಾರಸಮೇತ ದರ್ಶನ ಕೊಟ್ಟು ಹೋಗುತ್ತಾರೆ. ರಾತ್ರಿಯೆಲ್ಲ ಇರುವವರು 'ಡ್ಯೂಟಿ ಡಾಕ್ಟರು'. ಹೆಚ್ಚಾಗಿ ಮುಂದಿನ ಪರೀಕ್ಷೆಗೆ ಓದಿಕೊಳ್ಳುತ್ತಿರುವ ಹುಡುಗರು. ಏನು ಕೇಳಿದರೂ 'ಬೆಳಗ್ಗೆ ಸರ್ ಬರಲಿ' ಎನ್ನುತ್ತಾರೆ. ಹಾಗೆನ್ನದೆ ಅವರಿಗೆ ಗತಿಯಿಲ್ಲ. ಬಲ್ಲವನೂ ಅಲ್ಲದ, ಅಧಿಕಾರವೂ ಇಲ್ಲದ ಸಾನ್ನಿಧ್ಯ ಇದು. ಅಮೆರಿಕದವರ ಹೊಸ ಪದ್ಧತಿಯಿಂದ ನಾವು ಕಲಿಯಬಹುದಾದ್ದೇನಾದರೂ ಇದ್ದರೆ, ಹಗಲೂ ರಾತ್ರಿಯೂ ವಾರ್ಡಿನಲ್ಲಿ ಇರುವವನು ನುರಿತವನಾಗಿರಬೇಕು, ತೀರ್ಮಾನ ಮಾಡಬಲ್ಲವನಾಗಿರಬೇಕು ಎಂಬುದು. ಪರಿಚಯದ ಭಾರವನ್ನೋ ನಮ್ಮಲ್ಲಿ ಇಂದಿಗೂ ಹೊತ್ತಿರುವವರು ಮನೆಯವರು. ದಾದಿ ಬಂದು 'ಪೇಷೆಂಟ್ ಅಟೆಂಡರ್ ಯಾರು?' ಎಂದು ಕೂಗಿದಾಗ, ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದ ಮಗಳೋ ಸೊಸೆಯೋ ತಮ್ಮನೋ ಸೆರಗು ಸರಿಮಾಡಿಕೊಂಡೋ ಕಣ್ಣುಜ್ಜಿಕೊಂಡೋ ಎದ್ದು ನಿಲ್ಲುತ್ತಾರಲ್ಲ, ಅವರೇ ಚರಕನು ಹೇಳಿದ ಉಪಸ್ಥಾತೃಗಳು. ಅನುರಾಗವನ್ನು ಬೇಡಿದ್ದು ಅವರಿಂದ. 'ಅವರಿಗೆ ಆ ಮಾತ್ರೆ ಆಗಿಬರಲ್ಲ ಡಾಕ್ಟ್ರೇ, ಹೋದ ವರ್ಷ ಮೈಯೆಲ್ಲ ಗಂದೆ ಎದ್ದಿತ್ತು' ಎಂದು ಅವರು ಹೇಳುವ ಒಂದು ಮಾತು ಎಷ್ಟು ಪ್ರಾಣ ಉಳಿಸಿದೆಯೋ! ಆದರೆ ಮಕ್ಕಳು ದೂರದೇಶಗಳಲ್ಲಿರುವ ಮನೆಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿವೆ. ಅಲ್ಲಿಯ ಜೋಳದ ಹೊಲದ ಮುದುಕನ ಬಳಿ ನಮ್ಮ ಹುಡುಗ ಸ್ಟೂಲು ಹಾಕಿಕೊಂಡು ಕುಳಿತ ರಾತ್ರಿ, ಅವನ ಅಜ್ಜಿಯ ಮಂಚದ ಬಳಿ ಯಾರು ಕೂರುತ್ತಾರೆಂಬ ಪ್ರಶ್ನೆಯನ್ನು ನಾನು ಅವನಿಗೆ ಕೇಳಲಿಲ್ಲ. ಅವನಿಗೆ ಅದು ಹೊಳೆಯದೆ ಇರುವಂಥದಲ್ಲ.

ಮುದುಕ ಆ ಸಲ ಚೇತರಿಸಿಕೊಂಡ. ಆರನೆಯ ದಿನ ಹುಡುಗನಿಗೆ ನಿಜವಾದ ಸಂಕಟ ಬಂದಿತು. ಮರುದಿನ ಅವನ ಸರದಿ ಮುಗಿಯುತ್ತದೆ. ಎಂಟನೆಯ ದಿನದಿಂದ ಬೇರೊಬ್ಬರು. ಮುರಿದ ಮಾತ್ರೆಯ ವಿಷಯವನ್ನು ದಾಖಲೆಯಲ್ಲಿ ಬರೆಯಬೇಕೆ? ಬರೆದರೆ ಅದು ಹಳೆಯ ಡಾಕ್ಟರ ಮೇಜಿಗೆ ಹೋಗುತ್ತದೆ. ಹೋಗಲೇಬೇಕು, ಇಲ್ಲವಾದರೆ ಮುದುಕ ಮನೆಗೆ ಹೋಗಿ ಮತ್ತೆ ಮಾತ್ರೆ ಮುರಿಯುತ್ತಾನೆ, ಮೂರು ತಿಂಗಳಿಗೆ ಮತ್ತೆ ಎದೆಯಲ್ಲಿ ನೀರು ತುಂಬಿಕೊಂಡು ಬರುತ್ತಾನೆ. ಬರೆದರೆ, ಅಪರಿಚಿತನೆಂದು ನಂಬಿ ಹೇಳಿದ್ದನ್ನು ಪರಿಚಿತನಿಗೆ ಒಪ್ಪಿಸಿದಂತೆ. ದಾಖಲೆ ಪೂರ್ತಿಯಾಗಿರಬೇಕೆಂದು ನಿಯಮ ಹೇಳುತ್ತದೆ. ರೈಲಿನಲ್ಲಿ ಕೇಳಿದ ಮಾತನ್ನು ಊರಲ್ಲಿ ಆಡಬಾರದೆಂದು ಇನ್ನೊಂದು ನಿಯಮ ಹೇಳುತ್ತದೆ. ಎರಡೂ ಒಳ್ಳೆಯ ನಿಯಮಗಳೇ. ನನ್ನ ಮಟ್ಟಿಗೆ, ಈ ಹೊಸ ವೈದ್ಯವೃತ್ತಿಯ ನೈತಿಕ ಭಾರವೆಲ್ಲ ಇಂಥ ಜಾಗದಲ್ಲಿದೆ. ವಾಸದ ದಿನಗಳ ಸರಾಸರಿಯಲ್ಲಿಲ್ಲ. ನಾಲ್ಕು ದಿನದ ಸಂಬಂಧದಲ್ಲಿ ಪಡೆದ ನಂಬಿಕೆಯನ್ನು ಯಾರ ಕೈಗೆ, ಎಷ್ಟು ಮಾತ್ರ, ಯಾರ ಅನುಮತಿಯಿಂದ ದಾಟಿಸಬೇಕು ಎಂಬುದನ್ನು ಯಾವ ಲೇಖನವೂ ಅವನಿಗೆ ಮೊದಲೇ ಹೇಳಿಕೊಟ್ಟಿರಲಿಲ್ಲ.

ಅವನು ಮುದುಕನನ್ನೇ ಕೇಳಿದ. ಮುದುಕ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, ಹೇಳು, ಆದರೆ ಬರೆಯಬೇಡ, ಬಾಯಲ್ಲಿ ಹೇಳು, ನಾನು ಎದುರಿಗಿಲ್ಲದಾಗ ಎಂದನಂತೆ. ದಾಖಲೆಯಲ್ಲಿ ಹುಡುಗ 'ಬೆಲೆ ಕಡಮೆಯ ಔಷಧಿಗೆ ಬದಲಾಯಿಸುವುದು ಮೇಲು. ಮನೆಯ ವೈದ್ಯರೊಡನೆ ಮಾತನಾಡಲಾಗುವುದು' ಎಂದಷ್ಟೆ ಬರೆದ. ಬಿಡುವಿನ ಮೊದಲನೆಯ ದಿನ, ಸಂಬಳಕ್ಕೆ ಸೇರದ ಹೊತ್ತಿನಲ್ಲಿ, ಮನೆಯಿಂದ ಆ ಡಾಕ್ಟರಿಗೆ ಟೆಲಿಫೋನು ಮಾಡಿದ. ವಿಷಯ ಕೇಳಿ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಅವರು, 'ಎಷ್ಟು ತಿಂಗಳಿಂದ?' ಎಂದು ಕೇಳಿದರಂತೆ.